ಕೋಲಾರ ಸೀಮೆಯ ಕೃಷಿ ನೆರವು: ಯಾವ ಕಿಟಕಿಯಲ್ಲಿ ಕೆಲಸ ಹುಟ್ಟುತ್ತೆ, ಯಾವುದರಲ್ಲಿ ಬರೀ ಅರ್ಜಿ

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಯಾವ ರೈತ ಸಂಪರ್ಕ ಕೇಂದ್ರಕ್ಕೆ ಹೋದರೂ ಗೋಡೆ ತುಂಬ ಯೋಜನೆಗಳ ಪಟ್ಟಿ ಇರುತ್ತದೆ. ಯಾವ ಯೋಜನೆಯಲ್ಲಿ ಎಷ್ಟು ಫಲಾನುಭವಿಗಳು, ಎಷ್ಟು ಲಕ್ಷ ಖರ್ಚು ಅನ್ನುವುದು ಇಲಾಖೆಯ ಲೆಕ್ಕ. ಇಲ್ಲಿ ಬೇರೆ ಲೆಕ್ಕ ಹಿಡಿಯುತ್ತಿದ್ದೇವೆ. ಆ ದುಡ್ಡಿನಿಂದ ಹೋಬಳಿಯೊಳಗೆ ಎಷ್ಟು ಜನರ ಕೈಗೆ, ವರ್ಷದಲ್ಲಿ ಎಷ್ಟು ದಿನ ಕೆಲಸ ಸಿಕ್ಕಿತು? ಕೆಜಿಎಫ್ ಚಿನ್ನದ ಗಣಿ 2001ರಲ್ಲಿ ಮುಚ್ಚಿದ ಮೇಲೆ ಈ ಸೀಮೆಯ ದುಡಿಯುವ ವಯಸ್ಸಿನವರಲ್ಲಿ ಒಂದು ಪಾಲು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸಾಗುತ್ತದೆ, ಇನ್ನೊಂದು ಪಾಲು ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆ ಬಸ್ಸು ಹತ್ತುತ್ತದೆ. ಊರಲ್ಲೇ ಉಳಿದವರಿಗೆ ಹೊಲ, ಹಸು, ರೇಷ್ಮೆ, ಇಲ್ಲವೇ ಟೊಮೆಟೊ. ಆದ್ದರಿಂದ ಕೃಷಿ ನೆರವು ಅಂದರೆ ಇಲ್ಲಿ ಉದ್ಯೋಗ ನೀತಿಯೇ, ಹೆಸರಲ್ಲಿ ಹಾಗೆ ಬರೆದಿರುವುದಿಲ್ಲ ಅಷ್ಟೆ.

ತೀರ್ಪು ಮೊದಲೇ ಹೇಳಿಬಿಡಬಹುದು. ಪದೇಪದೇ ಬರುವ ಸಣ್ಣ ದುಡ್ಡು ಕೆಲಸ ಹುಟ್ಟಿಸುತ್ತದೆ. ಏಳು ವರ್ಷಕ್ಕೊಂದು ಸಲ ಬರುವ ದೊಡ್ಡ ದುಡ್ಡು ಸಾಮಾನು ಮಾರಿಸುತ್ತದೆ. ಸುಗ್ಗಿ ಮುಗಿದು ಎರಡು ತಿಂಗಳ ಮೇಲೆ ಬರುವ ದುಡ್ಡು ಕೂಲಿಯವರ ತನಕ ಇಳಿಯುವುದೇ ಇಲ್ಲ.

ಹಾಲಿನ ಡೇರಿ

ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ, ಈ ಜಿಲ್ಲೆಗಳಲ್ಲಿ ಊರು ಉಳಿಸಿರುವ ನೆರವು ಇದು. 2008ರಲ್ಲಿ 2 ರೂಪಾಯಿಯಿಂದ ಶುರುವಾಗಿ 2013ರಲ್ಲಿ 4, 2016ರಲ್ಲಿ 5 ಆಯಿತು. ಆಮೇಲೆ ಹಿಂಡಿ, ಬೂಸಾ, ಫೀಡ್ ಮೂಟೆ ಎಲ್ಲದರ ಬೆಲೆ ಏರಿದರೂ 2025ರವರೆಗೂ 5ರಲ್ಲೇ ಕೂತಿತ್ತು. ಆದರೂ ಲೆಕ್ಕ ಹಾಕಿ ನೋಡಿ. ದಿನಕ್ಕೆ 10 ಲೀಟರ್ ಕರೆಯುವ ಒಂದು ಎಚ್‌ಎಫ್ ಮಿಶ್ರತಳಿ ಹಸು 300 ದಿನ ಕರೆದರೆ ಪ್ರೋತ್ಸಾಹಧನವೇ 15,000 ರೂಪಾಯಿ. ಪಿಎಂ ಕಿಸಾನ್ ವರ್ಷಕ್ಕೆ ಕೊಡುವುದು 6,000. ಪಿಎಂ ಕಿಸಾನ್‌ಗೆ ಪಹಣಿ ಬೇಕು, ಹಾಲಿಗೆ ಹಸು ಸಾಕು. ಗುಂಟೆ ಜಮೀನಿಲ್ಲದ ಮನೆಯೂ ರಸ್ತೆ ಬದಿ, ಕೆರೆ ಅಂಗಳದ ಹುಲ್ಲು ಕೊಯ್ದು ಹಾಲು ಹಾಕಬಹುದು. ಭೂರಹಿತರನ್ನು ತಲುಪುವ ಕೃಷಿ ನೆರವು ಇದೊಂದೇ ಎಂದರೂ ತಪ್ಪಿಲ್ಲ.

ಇದರಿಂದ ಹುಟ್ಟುವ ಕೆಲಸ ಎಲ್ಲೂ ದಾಖಲಾಗುವುದಿಲ್ಲ. ಎರಡು ಹಸುವಿನ ಮನೆಯಲ್ಲಿ ಸಗಣಿ ಬಾಚುವುದು, ಮೇವು ಕೊಯ್ಯುವುದು, ಕತ್ತರಿಸುವುದು, ಎರಡು ಹೊತ್ತು ಕರೆಯುವುದು ಸೇರಿ ದಿನಕ್ಕೆ ಮೂರು-ನಾಲ್ಕು ತಾಸಿನ ದುಡಿಮೆ. ಮುಕ್ಕಾಲು ಪಾಲು ಹೆಂಗಸರದ್ದು. ಅದರ ಹೊರಗೆ ಪ್ರತಿ ಸಂಘಕ್ಕೆ ಒಬ್ಬ ಕಾರ್ಯದರ್ಶಿ, ಒಬ್ಬ ಹಾಲು ಪರೀಕ್ಷಕ, ಒಬ್ಬ ಸಹಾಯಕ. ಅದರಾಚೆಗೆ ಶೀತಲೀಕರಣ ಘಟಕ, ಟ್ಯಾಂಕರ್, ಕೃತಕ ಗರ್ಭಧಾರಣೆ ಮಾಡುವವರು, ಫೀಡ್ ಅಂಗಡಿ, ಮೇವಿನ ಜೋಳ ಬೆಳೆದು ಮಾರುವವರು. ಇವರೆಲ್ಲ ಊರಿನಿಂದ ಹತ್ತು ಕಿಲೋಮೀಟರ್ ಒಳಗೇ ಸಿಗುತ್ತಾರೆ.

ತಕರಾರು ಎಲ್ಲಿ? ಮೊದಲನೆಯದು ಗುಣಮಟ್ಟದ ಗೆರೆ. ಜಿಡ್ಡು ಮತ್ತು ಎಸ್‌ಎನ್‌ಎಫ್ (ಹಾಲಿನಲ್ಲಿ ಜಿಡ್ಡು ಬಿಟ್ಟು ಉಳಿದ ಘನಾಂಶ) ಎರಡೂ ನಿಗದಿ ಮಟ್ಟದಲ್ಲಿದ್ದರೆ ಮಾತ್ರ ಪೂರ್ತಿ ದರ. ಕಡಿಮೆ ಬಂದ ತಕ್ಷಣ 'ನೀರು ಹಾಕಿದ್ದೀರಿ' ಅನ್ನುವ ಮಾತು ಬರುತ್ತದೆ, ಆದರೆ ಬಹಳ ಸಲ ಕಾರಣ ಮೇವಿನಲ್ಲಿರುತ್ತದೆ. ಎಸ್‌ಎನ್‌ಎಫ್ 8.5ಕ್ಕಿಂತ ಇಳಿಯಿತು ಅಂದರೆ ಹಸುವಿಗೆ ಶಕ್ತಿಯ ಆಹಾರ ಸಾಲದು, ಇಲ್ಲವೇ ಮಾರ್ಚ್-ಏಪ್ರಿಲ್ ಬಿಸಿಲಿಗೆ ತಿನ್ನುವುದೇ ಕಡಿಮೆಯಾಗಿದೆ. ಜಿಡ್ಡು ಮಾತ್ರ ಇಳಿದಿದ್ದರೆ ಒಣಮೇವು ಸಾಲದು: ಮಳೆಗಾಲದಲ್ಲಿ ಬರೀ ಹಸಿ ಹುಲ್ಲು ಹಾಕಿ ರಾಗಿ ಹುಲ್ಲು ನಿಲ್ಲಿಸಿದವರಿಗೆ ಹೀಗಾಗುತ್ತದೆ. ಎರಡೂ ಒಟ್ಟಿಗೆ, ಅದೂ ಒಂದೇ ಹಸುವಿನಲ್ಲಿ ಇಳಿದರೆ ಕೆಚ್ಚಲು ಬಾವು ಇದೆಯೇ ನೋಡಬೇಕು. ಸಂಘದ ಯಂತ್ರ ಕೊಡುವ ಚೀಟಿಯನ್ನು ವಾರಗಟ್ಟಲೆ ಜೋಡಿಸಿಟ್ಟುಕೊಂಡು ನೋಡಿದರೆ ಈ ವ್ಯತ್ಯಾಸ ತಾನೇ ಕಾಣುತ್ತದೆ. ಚೀಟಿ ಅಲ್ಲೇ ಬಿಸಾಡಿ ಬರುವವರು ತಮ್ಮ ಪರ ಇರುವ ಸಾಕ್ಷಿಯನ್ನೇ ಬಿಸಾಡಿದ ಹಾಗೆ.

ಎರಡನೆಯದು ತಡ. ಹಾಲಿನ ಬಟವಾಡೆ ಹೊತ್ತಿಗೆ ಸರಿಯಾಗಿ ಬರುತ್ತದೆ. ಪ್ರೋತ್ಸಾಹಧನ ಸರ್ಕಾರದಿಂದ ನೇರ ಖಾತೆಗೆ ಬರಬೇಕಾದ್ದರಿಂದ ತಿಂಗಳುಗಟ್ಟಲೆ ಬಾಕಿ ನಿಲ್ಲುವುದುಂಟು. ತಡವಾದ 5 ರೂಪಾಯಿ 5 ರೂಪಾಯಿ ಅಲ್ಲ. ಫೀಡ್ ಅಂಗಡಿಯವರ ಸಾಲದ ಬಡ್ಡಿ ಅಷ್ಟರಲ್ಲಿ ಅದರ ಒಂದು ಪಾಲು ತಿಂದಿರುತ್ತದೆ. ಮೂರನೆಯದು ಸದಸ್ಯತ್ವ. ಹಸು ನೋಡಿಕೊಳ್ಳುವುದು ಹೆಂಡತಿ, ಸಂಘದ ಪುಸ್ತಕದಲ್ಲಿ ಗಂಡನ ಹೆಸರು, ಹಣ ಗಂಡನ ಖಾತೆಗೆ. ಮಹಿಳಾ ಸಂಘಗಳಿರುವ ಊರುಗಳಲ್ಲಿ ಈ ತೊಂದರೆ ಇಲ್ಲ. ಉಳಿದ ಕಡೆ ಸದಸ್ಯತ್ವ ಬದಲಿಸಿಕೊಳ್ಳಲು ಸಂಘದಲ್ಲೇ ಅರ್ಜಿ ಕೊಟ್ಟು, ಆಧಾರ್ ಜೋಡಣೆಯಾದ ಹೊಸ ಖಾತೆ ಕೊಡಬೇಕು. ಆಧಾರ್ ಜೋಡಣೆ ಒಂದು ಬ್ಯಾಂಕಿಗೆ, ಸಂಘಕ್ಕೆ ಕೊಟ್ಟ ಪಾಸ್‌ಬುಕ್ ಇನ್ನೊಂದು ಬ್ಯಾಂಕಿನದು ಆಗಿದ್ದರೆ ದುಡ್ಡು ಬಂದಿದ್ದರೂ 'ಬಂದಿಲ್ಲ' ಎಂದು ಓಡಾಡುವ ಪರಿಸ್ಥಿತಿ.

ಅಂಕ ಕೊಡುವುದಾದರೆ ಹತ್ತಕ್ಕೆ ಎಂಟು. ಕಳೆದ ಎರಡು ಅಂಕ ಪೂರ್ತಿ ಬಾಕಿಯ ಪಾಲಿನದು.

ಹನಿ ನೀರಾವರಿ ಸಹಾಯಧನ

ಇದನ್ನು ಕುರಿತು ಜಾಸ್ತಿ ಬರೆಯಬೇಕು, ಯಾಕಂದರೆ ದುಡ್ಡು ಹೆಚ್ಚು ಹೋಗುವುದೂ ಇಲ್ಲೇ, ತಪ್ಪು ಕಾಣದೆ ಹೋಗುವುದೂ ಇಲ್ಲೇ. ಕೇಂದ್ರದ ಮಾರ್ಗಸೂಚಿಯಂತೆ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಶೇ 55, ಉಳಿದವರಿಗೆ ಶೇ 45. ಕರ್ನಾಟಕ ಅದರ ಮೇಲೆ ತನ್ನ ಪಾಲು ಸೇರಿಸುವುದರಿಂದ ಶೇ 90ರವರೆಗೂ ಹೋಗುತ್ತದೆ. ಒಮ್ಮೆ ಪಡೆದ ಜಮೀನಿಗೆ ಮತ್ತೆ ಸಿಗಬೇಕಾದರೆ ಏಳು ವರ್ಷ ಕಳೆಯಬೇಕು.

ಕಿಟಕಿಯಲ್ಲಿ ನಡೆಯುವ ಕ್ರಮ ಹೀಗೆ: ಅರ್ಜಿ, ಪಹಣಿ, ಎಫ್‌ಐಡಿ (ಸರ್ಕಾರದ ದಾಖಲೆಯಲ್ಲಿ ರೈತರ ಗುರುತಿನ ಸಂಖ್ಯೆ), ನೀರಿನ ಮೂಲದ ದಾಖಲೆ, ಇಲಾಖೆ ಒಪ್ಪಿದ ಕಂಪನಿಗಳ ಪಟ್ಟಿಯಿಂದ ಒಂದನ್ನು ಆರಿಸುವುದು, ರೈತರ ವಂತಿಗೆ ಕಟ್ಟುವುದು, ಕಾರ್ಯಾದೇಶ, ಅಳವಡಿಕೆ, ಸ್ಥಳದ ಜಿಪಿಎಸ್ ಫೋಟೋ, ತಪಾಸಣೆ, ಬಿಲ್ಲು. ಕಾರ್ಯಾದೇಶ ಬರುವ ಮುಂಚೆ ಪೈಪು ಎಳೆದುಕೊಂಡವರಿಗೆ ಸಹಾಯಧನ ತಪ್ಪುತ್ತದೆ. ಡೀಲರ್ 'ಆಮೇಲೆ ಮಾಡಿಸ್ತೀವಿ' ಎಂದರೂ ಕಾಯುವುದೇ ಮೇಲು.

ಈಗ ತಾಂತ್ರಿಕ ಮಾತು. ಟೊಮೆಟೊಗೆ ನಾಲ್ಕು ಅಡಿ ಸಾಲು ಹಿಡಿದರೆ ಒಂದು ಎಕರೆಗೆ ಸುಮಾರು 3,300 ಮೀಟರ್ 16 ಎಂಎಂ ಲ್ಯಾಟರಲ್, ಅಂದರೆ ಸಾಲಿನುದ್ದಕ್ಕೂ ಎಳೆಯುವ ಸಣ್ಣ ಪೈಪು, ಬೇಕು. 40 ಸೆಂ.ಮೀ.ಗೆ ಒಂದು ಡ್ರಿಪ್ಪರ್ (ನೀರು ತೊಟ್ಟಿಕ್ಕುವ ಬಾಯಿ) ಅಂದರೆ 8,300 ಹತ್ತಿರ. ತಲಾ ಗಂಟೆಗೆ 4 ಲೀಟರ್ ಅಂದರೆ ಎಕರೆ ಪೂರ್ತಿ ಒಟ್ಟಿಗೆ ಬಿಟ್ಟರೆ ಗಂಟೆಗೆ 33,000 ಲೀಟರ್ ನೀರು ಬೇಕು. ಸಾವಿರ-ಸಾವಿರದಿನ್ನೂರು ಅಡಿ ಕೊಳವೆಬಾವಿ ಗಂಟೆಗೆ 8,000 ಲೀಟರ್ ಎತ್ತಿದರೆ ಪುಣ್ಯ. ಅಂದರೆ ಒಂದು ಎಕರೆಗೆ ಕನಿಷ್ಠ ನಾಲ್ಕು-ಐದು ಗೇಟ್‌ವಾಲ್ ಹಾಕಿ ತುಂಡು ತುಂಡಾಗಿ ಬಿಡಬೇಕು. ಬಿಲ್ಲು ಕಡಿಮೆ ತೋರಿಸಲು ಎರಡೇ ವಾಲ್ ಹಾಕಿ ಹೋಗುವ ಫಿಟ್ಟರ್‌ಗಳು ಸಾಕಷ್ಟು ಮಂದಿ. ಪರಿಣಾಮ ಮೂರನೇ ವಾರಕ್ಕೆ ಕಾಣುತ್ತದೆ: ವಾಲ್ ಹತ್ತಿರದ ಗಿಡ ಮೊಣಕಾಲುದ್ದ, ಸಾಲಿನ ಕೊನೆಯದು ಗೇಣುದ್ದ. ರೈತ ಗೊಬ್ಬರ ಸಾಲಲಿಲ್ಲ ಎಂದುಕೊಂಡು ಇನ್ನೊಂದು ಮೂಟೆ ಹಾಕುತ್ತಾರೆ. ಸಾಲದ್ದು ಒತ್ತಡ.

ಫಿಲ್ಟರ್ ವಿಷಯದಲ್ಲೂ ಅಷ್ಟೆ. ಆಳದ ಕೊಳವೆಬಾವಿ ನೀರಿಗೆ ಮರಳು ಬೇರ್ಪಡಿಸುವ ಹೈಡ್ರೋಸೈಕ್ಲೋನ್ ಮೊದಲು, ಆಮೇಲೆ ಡಿಸ್ಕ್ ಅಥವಾ ಸ್ಕ್ರೀನ್ ಫಿಲ್ಟರ್. ಕೃಷಿ ಹೊಂಡದ ನೀರಾದರೆ ಪಾಚಿ ಇರುತ್ತದೆ, ಸ್ಕ್ರೀನ್ ಒಂದೇ ಸಾಲದು, ಮರಳಿನ ಫಿಲ್ಟರ್ ಬೇಕು. ಈ ಸೀಮೆಯ ಗಡಸು ನೀರಿಗೆ ಡ್ರಿಪ್ಪರ್ ಬಾಯಲ್ಲಿ ಬಿಳಿ ಸುಣ್ಣ ಕಟ್ಟುವುದು ಖಂಡಿತ. ಬೆಳೆ ಮುಗಿದಾಗ ಆಮ್ಲ ಬಿಟ್ಟು, ರಾತ್ರಿಯೆಲ್ಲ ನೆನೆಸಿ, ಕೊನೆಯ ಕ್ಯಾಪ್ ಬಿಚ್ಚಿ ತೊಳೆಯಬೇಕು. ಈ ಕೆಲಸ ಯಾರೂ ಹೇಳಿಕೊಡುವುದಿಲ್ಲ. ಸಹಾಯಧನದಲ್ಲಿ ಸಾಮಾನಿನ ಬೆಲೆಯಿದೆ, ರಿಪೇರಿ ಕಲಿಸುವ ದುಡ್ಡಿಲ್ಲ. ಹೋಬಳಿಗೆ ಇಬ್ಬರು ಹುಡುಗರಿಗೆ ಫಿಲ್ಟರ್, ವೆಂಚುರಿ (ನೀರಿನ ಜೊತೆ ಗೊಬ್ಬರ ಎಳೆಯುವ ಸಾಧನ), ವಾಲ್ ರಿಪೇರಿ ಕಲಿಸಿದ್ದರೆ ವರ್ಷಪೂರ್ತಿ ಕೆಲಸ ಇರುತ್ತಿತ್ತು. ಈಗ ಫಿಟ್ಟರ್ ಜಿಲ್ಲಾ ಕೇಂದ್ರದಿಂದ ಬರುತ್ತಾನೆ, ಎರಡು ದಿನ ಇರುತ್ತಾನೆ, ಹೋಗುತ್ತಾನೆ.

ಹಾಗಾದರೆ ಹನಿ ನೀರಾವರಿಯಿಂದ ಕೆಲಸ ಹುಟ್ಟಲಿಲ್ಲವೇ? ಹುಟ್ಟಿತು, ಆದರೆ ಬೇರೆ ಜಾಗದಲ್ಲಿ. ನೀರು ಕಟ್ಟುವ ಆಳಿನ ಕೆಲಸ ಹೋಯಿತು. ಅದೇ ನೀರಿನಲ್ಲಿ ಒಂದರ ಬದಲು ಎರಡು ಎಕರೆ ಟೊಮೆಟೊ, ಕ್ಯಾಪ್ಸಿಕಂ, ಹೂಕೋಸು ಬಂತು. ಅದಕ್ಕೆ ಕಡ್ಡಿ ನೆಡಲು, ದಾರ ಕಟ್ಟಲು, ಔಷಧಿ ಹೊಡೆಯಲು, ಕೀಳಲು, ವಿಂಗಡಿಸಲು ಜನ ಬೇಕು. ಬೆಳಿಗ್ಗೆ ಆರು ಗಂಟೆಗೆ ಟೆಂಪೊ ತುಂಬ ಹೆಂಗಸರು ಒಂದೂರಿಂದ ಇನ್ನೊಂದೂರಿಗೆ ಟೊಮೆಟೊ ಕೀಳಲು ಹೋಗುವುದು ಈ ಭಾಗದ ಅತಿ ದೊಡ್ಡ ಉದ್ಯೋಗ ವಿನಿಮಯ ಕೇಂದ್ರ, ಅದಕ್ಕೆ ಬೋರ್ಡಿಲ್ಲ ಅಷ್ಟೆ. ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ಹರಾಜಾಗುವ ಮಾಲಿನ ಹಿಂದೆ ಹಮಾಲಿಗಳು, ವಿಂಗಡಿಸುವವರು, ಬಾಕ್ಸ್ ತೊಳೆಯುವವರು, ಲಾರಿಯವರು ಎಲ್ಲ ಸೇರುತ್ತಾರೆ.

ಇದರ ಹಿಂದಿನ ಬೆಲೆ ನೆಲದಡಿ ಇದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ. ಹನಿಯಿಂದ ಉಳಿದ ನೀರು ನೆಲದಲ್ಲಿ ಉಳಿಯದೆ ಇನ್ನೊಂದು ಎಕರೆಗೆ ಹೋಯಿತು. ಎರಡು ಸಹಾಯಧನ ಒಂದಕ್ಕೊಂದು ಎದುರು ನಿಂತಿರುವುದಕ್ಕೆ ಇದಕ್ಕಿಂತ ನೇರ ಉದಾಹರಣೆ ಬೇಡ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಬಂದ ಮೇಲೆ ಕೆರೆ ಪಕ್ಕದ ಬಾವಿಗಳಲ್ಲಿ ನೀರು ಮೇಲೆ ಬಂದಿದ್ದೂ ಹೌದು, ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಬೇಡಿಕೆ ಹಾಗೇ ಉಳಿದಿರುವುದೂ ಹೌದು. ಅದು ಬೇರೆಯೇ ಲೇಖನದ ವಿಷಯ.

ಟೊಮೆಟೊಗೆ ಬೆಂಬಲ ಬೆಲೆ ಇಲ್ಲ. 2018ರ ಕೇಂದ್ರ ಬಜೆಟ್‌ನಲ್ಲಿ ಟೊಮೆಟೊ, ಈರುಳ್ಳಿ, ಆಲೂಗೆಡ್ಡೆಗೆಂದು 500 ಕೋಟಿಯ 'ಆಪರೇಷನ್ ಗ್ರೀನ್ಸ್' ಬಂತು, ಸಾಗಣೆಗೂ ಶೇಖರಣೆಗೂ ಅರ್ಧ ಸಹಾಯಧನ. ಬೆಲೆ ಬಿದ್ದಾಗಲೆಲ್ಲ 'ಇಲ್ಲೊಂದು ಟೊಮೆಟೊ ಫ್ಯಾಕ್ಟರಿ ಯಾಕಿಲ್ಲ' ಎಂದು ಕೇಳುತ್ತಾರೆ. ಕಾರಣ ತಳಿಯಲ್ಲಿದೆ. ಇಲ್ಲಿ ಬೆಳೆಯುವುದು ಲಾರಿಯಲ್ಲಿ ದೂರ ಹೋದರೂ ಒಡೆಯದ ಗಟ್ಟಿ ಹೈಬ್ರಿಡ್. ಪಲ್ಪಿಗೆ ಬೇಕಾದ್ದು ಹೆಚ್ಚು ತಿರುಳು, ಹೆಚ್ಚು ಬ್ರಿಕ್ಸ್ (ರಸದ ಸಿಹಿ ಅಂಶದ ಅಳತೆ) ಇರುವ ಬೇರೆ ತಳಿ. ಫ್ಯಾಕ್ಟರಿ ವರ್ಷಪೂರ್ತಿ ಒಂದೇ ಕಡಿಮೆ ದರಕ್ಕೆ ಕೇಳುತ್ತದೆ. 2023ರ ಜುಲೈನಲ್ಲಿ ಬಾಕ್ಸ್ 2,000 ದಾಟಿದಂತಹ ವರ್ಷದಲ್ಲಿ ಯಾವ ರೈತ ಫ್ಯಾಕ್ಟರಿಗೆ ಕೊಟ್ಟಾರು? ಗುತ್ತಿಗೆ ಒಪ್ಪಂದ, ಬೇರೆ ತಳಿಯ ಸಸಿ, ಬೇರೆ ಕಾಲದ ನಾಟಿ, ಇಷ್ಟೂ ಇಲ್ಲದೆ ಕಟ್ಟಡಕ್ಕೆ ಮಾತ್ರ ಸಹಾಯಧನ ಕೊಟ್ಟರೆ ಕಟ್ಟಡ ಮಾತ್ರ ಉಳಿಯುತ್ತದೆ.

ರೇಷ್ಮೆ: ಶಿಡ್ಲಘಟ್ಟದ ಮಾತು

ಹಾಲಿನ ನಂತರ ದುಡ್ಡು ಪದೇಪದೇ ಬರುವುದು ಗೂಡಿನಲ್ಲಿ. ನೀರಿರುವ ವಿ-1 ಹಿಪ್ಪುನೇರಳೆ ತೋಟ ಒಂದು ಎಕರೆ ಇದ್ದರೆ ವರ್ಷಕ್ಕೆ ಐದು ಬೆಳೆ ತೆಗೆಯಬಹುದು. ನೂರು ಮೊಟ್ಟೆಗೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪನ್ನೇ ಇಲ್ಲಿ ಒಂದು ಮೊಟ್ಟೆ ಎನ್ನುತ್ತಾರೆ) 60ರಿಂದ 80 ಕೆಜಿ ಗೂಡು ಬಂದರೆ ಬೆಳೆ ಗೆದ್ದ ಹಾಗೆ. ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ (ಪೊರೆ ಬಿಡುವ ಹಂತ) ಮುಗಿದ ಹುಳು ತಂದರೆ ಮೊದಲ ಹತ್ತು ದಿನದ ಗಂಡಾಂತರ ತಪ್ಪುತ್ತದೆ. ಈ ಚಾಕಿ ಕೇಂದ್ರಗಳಿಗೆ ಕೊಟ್ಟ ನೆರವು ರೇಷ್ಮೆ ಇಲಾಖೆಯ ಅತ್ಯಂತ ಬುದ್ಧಿವಂತ ಖರ್ಚು. ಪ್ರತಿ ಕೇಂದ್ರದಲ್ಲೂ ನಾಲ್ಕಾರು ಜನಕ್ಕೆ ಕಾಯಂ ಕೆಲಸ, ಸುತ್ತಲಿನ ನೂರಾರು ಮನೆಗೆ ಬೆಳೆ ಭದ್ರ.

ಹುಳು ಸಾಕಣೆ ಮನೆಯ ಸಹಾಯಧನ ಮಾತ್ರ ಅರ್ಧ ಹಾಳು. ಅಳತೆ ಸರಿಯಿದ್ದರೆ ಬಿಲ್ಲು ಪಾಸಾಗುತ್ತದೆ, ಒಳಗಿನ ಸೆಕೆಯನ್ನು ಯಾರೂ ಅಳೆಯುವುದಿಲ್ಲ. ದೊಡ್ಡ ಹುಳುವಿಗೆ 24-26 ಡಿಗ್ರಿ ಉಷ್ಣಾಂಶ, ಶೇ 70ರ ಆಸುಪಾಸು ತೇವ ಬೇಕು. ತಗಡಿನ ಸೂರು ಹಾಕಿ, ಕಿಟಕಿ ಎದುರುಬದುರು ಇಡದೆ ಕಟ್ಟಿದ ಮನೆಯಲ್ಲಿ ಏಪ್ರಿಲ್ ಬೆಳೆಗೆ ಸಪ್ಪೆ ರೋಗ, ಹಾಲು ತೊಂಡೆ ಬರದೇ ಇದ್ದರೆ ಆಶ್ಚರ್ಯ. ಸೂರಿನ ಮೇಲೆ ತೆಂಗಿನ ಗರಿ ಹೊದಿಸಿ, ಮೇಲೊಂದು ಸ್ಪ್ರಿಂಕ್ಲರ್ ಇಟ್ಟರೆ ಒಳಗಿನ ಸೆಕೆ ಎಷ್ಟೋ ಇಳಿಯುತ್ತದೆ. ಅದಕ್ಕೆ ಆಗುವ ಖರ್ಚು ಕಟ್ಟಡದ ಖರ್ಚಿನ ಮುಂದೆ ಏನೂ ಅಲ್ಲ. ಕಿಟಕಿಗೆ ಹುಳು ಕೊಲ್ಲುವ ಊಜಿ ನೊಣ ಬರದಂತೆ ಬಲೆ ಹೊಡೆಸುವುದು ಮರೆಯಬಾರದು.

ಗೂಡು ಮಾರುಕಟ್ಟೆಯ ಇ-ಹರಾಜು ಚೆನ್ನಾಗಿ ನಡೆಯುವ ಸೇವೆ. ಲಾಟ್ ಸಂಖ್ಯೆ, ಎಲೆಕ್ಟ್ರಾನಿಕ್ ತೂಕ, ರೀಲರ್‌ಗಳು (ಗೂಡಿನಿಂದ ದಾರ ತೆಗೆಯುವ ಬಿಚ್ಚಾಣಿಕೆದಾರರು) ಮೊಬೈಲಿನಲ್ಲೇ ಕೂಗುವ ಬೆಲೆ, ಒಪ್ಪಿಗೆಯಾಗದಿದ್ದರೆ ಬೇಡ ಎನ್ನುವ ಹಕ್ಕು. ಹಳೆಯ ಕೈಸನ್ನೆ ವ್ಯಾಪಾರಕ್ಕಿಂತ ಸಾವಿರ ಪಾಲು ಮೇಲು. ಇಲ್ಲಿ ಕೈಕೊಡುವುದು ರೀಲರ್‌ಗಳ ಬಂಡವಾಳ. ದಾರ ಮಾರಿ ದುಡ್ಡು ಬರುವ ತನಕ ಅವರ ಕೈಯಲ್ಲಿ ಗೂಡು ಕೊಳ್ಳಲು ಹಣವಿರುವುದಿಲ್ಲ, ಕೂಗುವವರು ಕಡಿಮೆಯಾದ ದಿನ ಬೆಲೆ ಮಲಗುತ್ತದೆ. ರೈತರಿಗೆ ಸಾಲ ಕೊಡುವ ಉತ್ಸಾಹ ಬಿಚ್ಚಾಣಿಕೆದಾರರಿಗೆ ಸಾಲ ಕೊಡುವಾಗ ಬ್ಯಾಂಕುಗಳಲ್ಲಿ ಕಾಣುವುದಿಲ್ಲ. ಅವರ ಮನೆ-ಶೆಡ್ಡುಗಳಲ್ಲಿ ಬಿಸಿನೀರ ಬಾನಿಗೆ ಕೈಯಿಟ್ಟು ಎಳೆ ಹುಡುಕುವ ಹೆಂಗಸರ ಕೂಲಿ ನಿಂತಿರುವುದೇ ಆ ದುಡ್ಡಿನ ಮೇಲೆ.

ನೀತಿ ಅಂದರೆ ಏನು ಅನ್ನುವುದಕ್ಕೆ ಶಿಡ್ಲಘಟ್ಟದವರು 2011ನ್ನು ನೆನೆಯುತ್ತಾರೆ. ಆ ವರ್ಷದ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ 5ಕ್ಕೆ ಇಳಿಸಿತು. ಚೀನಾ ದಾರ ಅಗ್ಗವಾಯಿತು, ಗೂಡಿನ ಬೆಲೆ ಕುಸಿಯಿತು, ದಾರ ಬಿಚ್ಚುವ ಬೇಸಿನ್‌ಗಳು ನಿಂತವು, ತೋಟ ಕಿತ್ತವರೂ ಉಂಟು. 2013ರಲ್ಲಿ ಸುಂಕ ಶೇ 15ಕ್ಕೆ ಏರಿತು. ಸಾಕಣೆ ಮನೆ, ಡ್ರಿಪ್, ಹುಳು ಗೂಡು ಕಟ್ಟುವ ಚಂದ್ರಿಕೆ ಎಲ್ಲಕ್ಕೂ ಜಿಲ್ಲೆಯಲ್ಲಿ ಕೊಟ್ಟ ಸಹಾಯಧನವನ್ನು ದೆಹಲಿಯ ಒಂದು ಸಾಲು ನುಂಗಿಹಾಕಬಲ್ಲದು. ಈಗ ಅಟೊಮ್ಯಾಟಿಕ್ ರೀಲಿಂಗ್ ಯಂತ್ರಗಳಿಗೆ ದೊಡ್ಡ ಸಹಾಯಧನವಿದೆ. ದಾರದ ಗುಣಮಟ್ಟ ಏರುತ್ತದೆ, ನಿಜ. ಕೆಜಿ ದಾರಕ್ಕೆ ಬೇಕಾಗುವ ಕೈಗಳೂ ಕಡಿಮೆಯಾಗುತ್ತವೆ. ಕೈಬಿಟ್ಟ ಕೈಗಳಿಗೆ ಏನು ಅನ್ನುವ ಕಾಲಂ ಆ ಅರ್ಜಿಯಲ್ಲಿಲ್ಲ.

ರಾಗಿ ಖರೀದಿ ಕೇಂದ್ರ

2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ, ಹಿಂದಿನ ವರ್ಷ 4,290 ಇತ್ತು. ಬೆಲೆಯ ಬಗ್ಗೆ ತಕರಾರಿಲ್ಲ. ತಕರಾರು ಕ್ಯಾಲೆಂಡರಿನದು. ಕೊಯ್ಲು, ಒಕ್ಕಣೆ ಮುಗಿಯುವುದು ನವೆಂಬರ್-ಡಿಸೆಂಬರ್‌ಗೆ. ಖರೀದಿ ಶುರುವಾಗುವುದು ಸಾಮಾನ್ಯವಾಗಿ ಹೊಸ ವರ್ಷದ ಮೇಲೆ, ದುಡ್ಡು ಖಾತೆಗೆ ಬರುವುದು ಇನ್ನೂ ಆಮೇಲೆ. ಕೊಯ್ಲಿನ ಕೂಲಿ, ಯಂತ್ರದ ಬಾಡಿಗೆ ಅಂದೇ ಕೊಡಬೇಕು. ಮೂರು-ನಾಲ್ಕು ಎಕರೆಯವರು ಕಣದಲ್ಲೇ ವ್ಯಾಪಾರಿಗೆ ಅಳೆದುಬಿಡುತ್ತಾರೆ. ಕಾಯುವ ಶಕ್ತಿ ಇರುವವರಿಗೆ ಬೆಂಬಲ ಬೆಲೆ, ಇಲ್ಲದವರಿಗೆ ಬಂದ ಬೆಲೆ.

ಕೇಂದ್ರಕ್ಕೆ ಹೋಗುವವರು ಗಮನಿಸಬೇಕಾದ್ದು: ತೇವಾಂಶ ಶೇ 12 ಮೀರಬಾರದು. ಮಂಜು ಬೀಳುವ ಜನವರಿಯಲ್ಲಿ ರಾತ್ರಿ ಟ್ರ್ಯಾಕ್ಟರ್‌ನಲ್ಲಿ ತೆರೆದಿಟ್ಟ ಮೂಟೆ ಬೆಳಿಗ್ಗೆಗೆ ತೇವ ಎಳೆದುಕೊಂಡಿರುತ್ತದೆ, ಟಾರ್ಪಾಲಿನ್ ಬೇಕೇ ಬೇಕು. ಮಣ್ಣಿನ ಹೆಂಟೆ, ಕಲ್ಲು ಇದ್ದರೆ ಅಲ್ಲೇ ಜರಡಿ ಹಿಡಿಸುತ್ತಾರೆ, ಆ ಕೂಲಿ ನಿಮ್ಮದೇ. ಟಾರು ರಸ್ತೆ ಮೇಲೆ ಒಕ್ಕಿದ ರಾಗಿಯಲ್ಲಿ ಕಲ್ಲು ತಪ್ಪುವುದಿಲ್ಲ.

ಬೆಳೆ ಸಮೀಕ್ಷೆಯೇ ದೊಡ್ಡ ಗಂಟು. ಎಫ್‌ಐಡಿಗೆ ಸೇರಿದ ಸರ್ವೆ ನಂಬರಿನಲ್ಲಿ ರಾಗಿ ಎಂದು ದಾಖಲಾಗಿದ್ದರೆ ಮಾತ್ರ ನೋಂದಣಿ. ಈ ಸೀಮೆಯಲ್ಲಿ ರಾಗಿ ಹೊಲಕ್ಕೆ ಅಕ್ಕಡಿ ಸಾಲು ಹಾಕುವುದು ಪದ್ಧತಿ: ಅವರೆ, ತೊಗರಿ, ಹುಚ್ಚೆಳ್ಳು, ಜೋಳ. ಸಮೀಕ್ಷೆಗೆ ಬಂದ ಹುಡುಗ ಅಕ್ಕಡಿ ಸಾಲಿನ ಮುಂದೆ ನಿಂತು ಫೋಟೋ ತೆಗೆದರೆ ಹೊಲವೆಲ್ಲ ಅವರೆಯಾಗುತ್ತದೆ. ಪೌತಿ ಖಾತೆಯಾಗದೆ ತಾತನ ಹೆಸರಲ್ಲೇ ಇರುವ ಪಹಣಿ, ಅಣ್ಣತಮ್ಮಂದಿರ ಜಂಟಿ ಖಾತೆ, ಇವೂ ಅದೇ ಕಿಟಕಿಯಲ್ಲಿ ವಾಪಸಾಗುತ್ತವೆ.

ಇವರೆಲ್ಲರಿಗಿಂತ ಹೊರಗೆ ನಿಂತವರು ವಾರಕ್ಕೋ ಕೋರಿಗೋ, ಅಂದರೆ ಬೆಳೆಯ ಪಾಲಿನ ಮೇಲೆ, ಬೇರೆಯವರ ಜಮೀನು ಮಾಡುವವರು. 1974ರ ಭೂಸುಧಾರಣೆ ತಿದ್ದುಪಡಿಯಲ್ಲಿ ಗೇಣಿ ಪದ್ಧತಿಯೇ ರದ್ದಾದ್ದರಿಂದ ಕಾಗದದಲ್ಲಿ ಅವರು ಇಲ್ಲ. ಹೊಲದಲ್ಲಿ ಇದ್ದಾರೆ. ಯಜಮಾನರು ಬೆಂಗಳೂರಿನಲ್ಲಿ, ಎಫ್‌ಐಡಿ ಯಜಮಾನರದ್ದು, ಬೆವರು ಇವರದ್ದು. ಗೊಬ್ಬರದ ರಿಯಾಯಿತಿ ಬಿಟ್ಟರೆ ಬೆಳೆ ವಿಮೆ, ಬರ ಪರಿಹಾರ, ಖರೀದಿ ಯಾವುದೂ ಇವರ ಹೆಸರಿಗೆ ಬರುವುದಿಲ್ಲ. ನಿಜವಾಗಿ ಊರಲ್ಲಿ ಕೂಲಿ ಕೊಟ್ಟು ಕೆಲಸ ಮಾಡಿಸುತ್ತಿರುವವರು ಇವರೇ ಆಗಿರುವಾಗ ನೆರವು ಉದ್ಯೋಗವಾಗಿ ಬದಲಾಗದೇ ಇರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ರಾಗಿಗೂ ಹಾಲಿಗೂ ಇರುವ ಗಂಟನ್ನು ಎರಡು ಇಲಾಖೆಗಳೂ ನೋಡುತ್ತಿಲ್ಲ. ಕೊಯ್ಲಿಗೆ ಯಂತ್ರ ಬಂದ ಮೇಲೆ ಹುಲ್ಲು ಮೇಲಿಂದ ಕತ್ತರಿಸಿ ಪುಡಿಯಾಗಿ ಬೀಳುತ್ತದೆ, ಬಣವೆ ಒಟ್ಟುವಷ್ಟು ಉಳಿಯುವುದಿಲ್ಲ. ಬೇಸಿಗೆಯಲ್ಲಿ ಹುಲ್ಲು ಕೊಳ್ಳಬೇಕು, ಹಾಲಿನ ಖರ್ಚು ಏರುತ್ತದೆ. ಬಾಡಿಗೆ ಯಂತ್ರಕ್ಕೆ ಸಹಾಯಧನ ಕೊಡುವವರು ಬುಡಕ್ಕೆ ಕೊಯ್ದು ಕಟ್ಟು ಕಟ್ಟುವ ಸಣ್ಣ ಯಂತ್ರಕ್ಕೆ ಹೆಚ್ಚು ಕೊಟ್ಟರೆ ಹುಲ್ಲೂ ಉಳಿಯುತ್ತದೆ, ಒಕ್ಕಣೆಯ ಕೂಲಿಯೂ ಉಳಿಯುತ್ತದೆ.

ಉಳಿದವು, ಚಿಕ್ಕದಾಗಿ

ಕೃಷಿ ಭಾಗ್ಯದ ಹೊಂಡ: ಸಹಾಯಧನ ಸಾಮಾನ್ಯ ವರ್ಗಕ್ಕೆ ಶೇ 80, ಪರಿಶಿಷ್ಟರಿಗೆ ಶೇ 90. 21×21×3 ಮೀಟರ್ ಹೊಂಡವನ್ನು 1:1 ಇಳಿಜಾರಿನಲ್ಲಿ ತೆಗೆದರೆ ಹಿಡಿಯುವುದು ಸುಮಾರು 9.8 ಲಕ್ಷ ಲೀಟರ್. ಒಂದೆರಡು ಒಣ ವಾರ ರಾಗಿ ಉಳಿಸಲು, ಒಂದು ಸಣ್ಣ ಮಡಿ ತರಕಾರಿಗೆ ಸಾಕು. ಟಾರ್ಪಾಲಿನ್ ಹೊದಿಕೆಯ ಅಂಚನ್ನು ಮೇಲೆ ಒಂದು ಅಡಿ ಕಾಲುವೆ ತೋಡಿ ಹೂಳದಿದ್ದರೆ ಮೊದಲ ಮಳೆಗೇ ಜಾರುತ್ತದೆ. ತಂತಿ ಬೇಲಿ ಬಿಡಲೇಬಾರದು, ಮಕ್ಕಳು ಬಿದ್ದು ಸತ್ತ ಸುದ್ದಿ ಪ್ರತಿ ವರ್ಷವೂ ಬರುತ್ತದೆ. ಜೆಸಿಬಿ ಎರಡು ದಿನದಲ್ಲಿ ತೋಡುತ್ತದೆ, ಕೂಲಿಯವರಿಗೆ ಇಲ್ಲಿ ಏನೂ ಇಲ್ಲ.

ನರೇಗಾ: 2025-26ರ ಕೂಲಿ ದಿನಕ್ಕೆ 370. ಸ್ವಂತ ಜಮೀನಿನಲ್ಲಿ ಹಿಪ್ಪುನೇರಳೆ ಗುಂಡಿ ತೋಡಿದ್ದಕ್ಕೂ ಮನೆಯವರಿಗೇ ಕೂಲಿ ಸಿಗುತ್ತಿತ್ತು, ಸಣ್ಣ ರೈತರಿಗೆ ಇದಕ್ಕಿಂತ ಒಳ್ಳೆ ವ್ಯವಸ್ಥೆ ಬೇರೆ ಇರಲಿಲ್ಲ. ದಿನಕ್ಕೆರಡು ಸಲ ಫೋಟೋ ಹಾಜರಿ, ನೆಟ್‌ವರ್ಕ್ ಸಿಗದ ದಿನ ಕೂಲಿ ಖೋತಾ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆಯಲ್ಲಿ ವರ್ಷದ ಕೆಲಸದ ದಿನ 125ಕ್ಕೆ ಏರಿದೆ, ಖರ್ಚಿನ ಶೇ 40 ರಾಜ್ಯದ ತಲೆಗೆ ಬಂದಿದೆ, ಬಿತ್ತನೆ-ಕೊಯ್ಲಿನ ಕಾಲದಲ್ಲಿ 60 ದಿನ ಕೆಲಸ ನಿಲ್ಲಿಸಬಹುದು. ವರ್ಷಕ್ಕೊಂದು ಭತ್ತ ಬೆಳೆಯುವ ಕಡೆ ಆ 60 ದಿನಕ್ಕೆ ಅರ್ಥವಿದೆ. ಟೊಮೆಟೊ ಹನ್ನೆರಡು ತಿಂಗಳೂ ಇರುವ ಕೋಲಾರದಲ್ಲಿ ಯಾವ 60 ದಿನ?

ಮಾವು: 2025ರ ಜೂನ್‌ನಲ್ಲಿ ತೋತಾಪುರಿ ಬೆಲೆ ಬಿದ್ದು ಶ್ರೀನಿವಾಸಪುರದ ರೈತರು ಬೀದಿಗಿಳಿದಾಗ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಲ್ಲಿ ಕ್ವಿಂಟಾಲಿಗೆ 1,616 ರೂಪಾಯಿ ದರ ಹಿಡಿದು 2.5 ಲಕ್ಷ ಟನ್‌ವರೆಗೆ ವ್ಯತ್ಯಾಸದ ಹಣ ಕೊಡಲು ಕೇಂದ್ರ, ರಾಜ್ಯ ಒಪ್ಪಿದವು. ಬೇಗ ಬಂದ ನಿರ್ಧಾರ, ಮೆಚ್ಚಬೇಕು. ಆದರೆ ಎಷ್ಟೋ ತೋಟಗಳನ್ನು ಹೂ ಬಿಟ್ಟಾಗಲೇ ಗುತ್ತಿಗೆಗೆ ಕೊಟ್ಟಿರುತ್ತಾರೆ. ನಷ್ಟ ಗುತ್ತಿಗೆದಾರರದ್ದು, ಕೀಳುವ ಕೂಲಿ ಕಡಿತ ಕೂಲಿಯವರದ್ದು, ಪರಿಹಾರ ಪಹಣಿ ಇರುವವರದ್ದು.

ಈ ಕಿಟಕಿಗಳಿಗೆ ಹೋಗುವ ಮುಂಚೆ ಮಾಡಿಕೊಳ್ಳಬೇಕಾದ ಕೆಲಸ ನಾಲ್ಕೇ. ಎಫ್‌ಐಡಿಯಲ್ಲಿ ಎಲ್ಲ ಸರ್ವೆ ನಂಬರೂ ಸೇರಿವೆಯೇ ನೋಡಿ, ಒಂದು ಬಿಟ್ಟುಹೋಗಿದ್ದರೂ ಆ ಹೊಲದ ಬೆಳೆಗೆ ಯಾವುದೂ ಸಿಗುವುದಿಲ್ಲ. ಎಫ್‌ಐಡಿ, ಆಧಾರ್, ಪಾಸ್‌ಬುಕ್ ಮೂರರಲ್ಲೂ ಹೆಸರು ಒಂದೇ ಥರ ಇರಲಿ, ಪಹಣಿಯಲ್ಲಿ 'ಮುನಿವೆಂಕಟಪ್ಪ', ಆಧಾರ್‌ನಲ್ಲಿ 'ವೆಂಕಟಪ್ಪ ಎಂ' ಇದ್ದರೆ ಅರ್ಜಿ ವಾಪಸು. ಪೌತಿ ಖಾತೆ ಬಾಕಿ ಇದ್ದರೆ ಬೇಸಿಗೆಯಲ್ಲೇ ಮುಗಿಸಿ, ಬಿತ್ತನೆ ಶುರುವಾದ ಮೇಲೆ ನಾಡಕಚೇರಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೆಳೆ ಸಮೀಕ್ಷೆಯನ್ನು ಬೇರೆಯವರಿಗೆ ಬಿಡದೆ ರೈತರ ಆ್ಯಪ್‌ನಲ್ಲಿ ನೀವೇ ಹಾಕಿ: ಅಕ್ಕಡಿ ಇದ್ದರೆ ಮುಖ್ಯ ಬೆಳೆ ರಾಗಿ, ಮಿಶ್ರ ಬೆಳೆ ಅವರೆ ಎಂದು ಬೇರೆಬೇರೆ ನಮೂದಿಸಿ, ಫೋಟೋ ರಾಗಿ ಸಾಲಿನಿಂದ ತೆಗೆಯಿರಿ. ತಪ್ಪಾಗಿದ್ದರೆ ಆಕ್ಷೇಪಣೆ ಸಲ್ಲಿಸುವ ಅವಧಿ ಮುಗಿಯುವ ಮುಂಚೆ ಗ್ರಾಮ ಆಡಳಿತಾಧಿಕಾರಿ ಅಥವಾ ರೈತ ಸಂಪರ್ಕ ಕೇಂದ್ರದಲ್ಲಿ ತಿದ್ದಿಸಿಕೊಳ್ಳಿ. ಖರೀದಿ ಶುರುವಾದ ಮೇಲೆ ಅದನ್ನು ತಿದ್ದುವ ಕಿಟಕಿ ಎಲ್ಲೂ ತೆರೆದಿರುವುದಿಲ್ಲ.